ಬಾದಾಮಿಯ ಮುತ್ತಿಗೆ, ಇಸ್ತಾಂಬುಲಿನ ಉತ್ತರ

ಕಳೆದ ಕೆಲವು ವರುಷಗಳಿಂದ ತುರ್ಕಸ್ತಾನದ ಹೆಸರು ಸುದ್ದಿಯಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಒಮ್ಮೆ ಅದು ಯುರೋಪಿನ ನೆಚ್ಚಿನ ಕಾವಲುಗಾರ. ಇನ್ನೊಮ್ಮೆ ಯುರೋಪಿಗೆ ತಲೆನೋವು. ಒಂದು ವರುಷ ರಶಿಯದಿಂದ ಕ್ಷಿಪಣಿ ತರಿಸುತ್ತದೆ; ಮತ್ತೊಂದು ವರುಷ ಬ್ರಿಟನ್ನಿನೊಡನೆ ಯುದ್ಧವಿಮಾನದ ಕರಾರು ಮಾಡಿಕೊಳ್ಳುತ್ತದೆ. ಬಾಗಲಕೋಟೆಯಲ್ಲಿಯೋ ಇಳಕಲ್ಲಿನಲ್ಲಿಯೋ ಮುಂಜಾನೆ ಪತ್ರಿಕೆ ಹಿಡಿದವರು, “ಇವರು ಕಡೆಗೂ ಯಾರ ಕಡೆಯವರು?” ಎಂದು ಕೇಳಿದರೆ ಅದು ತಕ್ಕ ಪ್ರಶ್ನೆಯೇ ಸರಿ.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಎರಡು ನೂರು ವರುಷಗಳಿಗೂ ಹಿಂದೆ ಕನ್ನಡ ನಾಡನ್ನು ಆಳುತ್ತಿದ್ದ ಒಬ್ಬ ದೊರೆ ಇದನ್ನೇ ಕೇಳಿದ್ದನು. ಬರಿ ಬಾಯಿಮಾತಿನಿಂದ ಕೇಳಲಿಲ್ಲ. ನಾಲ್ಕು ಹಡಗು, ಸುಮಾರು ಒಂಬೈನೂರು ಜನ, ಮೇಲೆ ಆನೆಗಳು, ಇಷ್ಟನ್ನು ಕಳಿಸಿ ಕೇಳಿದ್ದನು. ಆ ಜನ ಕಡಲ ಮೇಲೆ ಇದ್ದ ದಿನಗಳಲ್ಲಿಯೇ ಅವನ ಬಾದಾಮಿಯ ಕೋಟೆಗೆ ವೈರಿಗಳ ಮುತ್ತಿಗೆ ಬಿದ್ದಿತ್ತು. ದೊರೆ ಟೀಪು ಸುಲ್ತಾನ, ವರುಷ ೧೭೮೬. ಟೀಪುವಿನ ಬಗೆಗೆ ನಮ್ಮಲ್ಲಿ ವಾದ ಇನ್ನೂ ಮುಗಿದಿಲ್ಲ. ಇಂದಿನ ಮಾತಿಗೆ ಆ ವಾದದ ಅಗತ್ಯವಿಲ್ಲ. ಅವನು ಕೇಳಿದ ಪ್ರಶ್ನೆ ಮತ್ತು ಅವನಿಗೆ ದೊರೆತ ಉತ್ತರ, ಇವೆರಡು ಸಾಕು.

ಮೊದಲು ಬಾದಾಮಿಯನ್ನು ನೋಡೋಣ. ನಿಮ್ಮಲ್ಲಿ ಬಹಳ ಜನ ಆ ಊರನ್ನು ಬಲ್ಲಿರಿ. ನಡುವೆ ಅಗಸ್ತ್ಯತೀರ್ಥ, ದಕ್ಷಿಣದ ಗುಡ್ಡದಲ್ಲಿ ಗುಹೆಗಳು, ಅವುಗಳ ಮೇಲೆ ಒಂದು ಕೋಟೆ, ಉತ್ತರದ ಗುಡ್ಡದ ಮೇಲೆ ಇನ್ನೊಂದು. ಉತ್ತರದ್ದಕ್ಕೆ ಬಾವನಬಂಡೆ ಕೋಟೆಯೆಂದೂ ದಕ್ಷಿಣದ್ದಕ್ಕೆ ರಣಮಂಡಲವೆಂದೂ ಹೆಸರು. ಎರಡರ ಕೆಳಗೆ ಊರು, ಊರಿಗೂ ಗೋಡೆ ಮತ್ತು ಕಂದಕ. ಈ ಊರಿಗೆ ಪರದೇಶದ ವ್ಯವಹಾರವೂ ಹೊಸದಲ್ಲ. ಇಮ್ಮಡಿ ಪುಲಿಕೇಶಿಯ ಕಾಲದಲ್ಲಿ ಹಿಂದೂದೇಶದ ಅರಸನೊಬ್ಬನಿಂದ ಪರ್ಶಿಯದ ಖುಸ್ರೋ ದೊರೆಯ ಆಸ್ಥಾನಕ್ಕೆ ಓಲೆ ಹೋದ ಸಂಗತಿಯನ್ನು ಅರಬ ಇತಿಹಾಸಕಾರ ತಬರಿ ಬರೆದಿಟ್ಟಿದ್ದಾನೆ. ಆ ಅರಸ ಪುಲಿಕೇಶಿಯೇ ಎಂದು ಅನೇಕ ಪಂಡಿತರ ಅಭಿಪ್ರಾಯ. ಆ ಮಾತು ಇರಲಿ.

ಹೈದರಲಿಯ ಕಾಲದಲ್ಲಿ ಕೃಷ್ಣೆಯ ದಕ್ಷಿಣದ ಈ ಪ್ರದೇಶವೆಲ್ಲ ಮೈಸೂರಿನ ಕೈಗೆ ಬಂದಿತು. ಟೀಪು ೧೭೮೫ರಲ್ಲಿ ನರಗುಂದವನ್ನೂ ಕಿತ್ತೂರನ್ನೂ ತೆಗೆದುಕೊಂಡನು. ಪುಣೆಯ ಪೇಶವೆಯ ದರ್ಬಾರಿಗೆ ಇದು ಸಹಿಸದಾಯಿತು. ಹೈದರಾಬಾದಿನ ನಿಜಾಮನೂ ಪುಣೆಯವರೊಡನೆ ಕೂಡಿಕೊಂಡನು. ಇದನ್ನು ಸ್ವಲ್ಪ ಗಮನಿಸಿರಿ: ಟೀಪುವೂ ಮುಸಲ್ಮಾನ, ನಿಜಾಮನೂ ಮುಸಲ್ಮಾನ, ಆದರೆ ನಿಜಾಮನ ದಂಡು ಮರಾಠರ ದಂಡಿನ ಪಕ್ಕದಲ್ಲಿ ನಿಂತಿತು. ರಾಜ್ಯಗಳ ಸ್ನೇಹಕ್ಕೆ ಮತವೇ ಆಧಾರವಾಗಿದ್ದರೆ ಬಾದಾಮಿಯ ಮುತ್ತಿಗೆ ಹೀಗೆ ಆಗುತ್ತಲೇ ಇರಲಿಲ್ಲ.

ಕೂಡಿದ ದಂಡುಗಳು ೧೭೮೬ರ ಮೇ ೧ರಂದು ಬಾದಾಮಿಯ ಮುಂದೆ ಮೋರ್ಚೆ ಹಾಕಿದವು. ಪುಣೆಯ ಮಂತ್ರಿ ನಾನಾ ಫಡ್ನವೀಸನೇ ಸ್ವತಃ ದಂಡಿನಲ್ಲಿದ್ದನು. ಮೂರು ವಾರ ತೋಪು ಹೊಡೆದರೂ ಗೋಡೆ ಬಿರಿಯಲಿಲ್ಲ. ಮೇ ತಿಂಗಳ ಬಾದಾಮಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಆ ಕೆಂಪು ಬಂಡೆ ಕಾದ ಹಂಚಿನಂತೆ ಆಗಿರುತ್ತದೆ. ಕೊನೆಗೆ ೨೦ನೆಯ ತಾರೀಖು ಏಣಿ ಹಚ್ಚಿ ಗೋಡೆ ಏರುವುದೆಂದು ನಿಶ್ಚಯವಾಯಿತು. ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಹೇಳುವಂತೆ ಏರಿ ಹೋದವರು ಇಪ್ಪತ್ತು ಸಾವಿರ. ಒಳಗೆ ಕಾದವರು ಮೂರೂವರೆ ಸಾವಿರಕ್ಕೆ ಸ್ವಲ್ಪ ಮೇಲೆ. ಕಂದಕದಲ್ಲಿಯೂ ಅದರ ಆಚೆ ದಾರಿಯಲ್ಲಿಯೂ ಮದ್ದು ಹುಗಿದಿಟ್ಟಿದ್ದರು. ಅದು ಸಿಡಿದು ಏರುವವರು ಗುಂಪುಗುಂಪಾಗಿ ಸತ್ತರು. ಆದರೂ ಊರು ಬಿದ್ದಿತು. ಒಳಗಿನವರು ಗುಡ್ಡದ ಮೇಲಿನ ಕೋಟೆಗಳಿಗೆ ಓಡಿದರು. ಬೆನ್ನಟ್ಟಿ ಹೋದವರ ಮೇಲೆ ದೊಡ್ಡ ದೊಡ್ಡ ಗುಂಡುಗಲ್ಲುಗಳನ್ನು ಉರುಳಿಸಿದರು, ಬಂದೂಕು ಹೊಡೆದರು. ಮರುದಿನ, ಜೀವದಾನ ಸಿಕ್ಕರೆ ಸಾಕು ಎಂಬ ಮಾತಿನ ಮೇಲೆ ಕೋಟೆಯನ್ನು ಬಿಟ್ಟುಕೊಟ್ಟರು.

ಇತ್ತ ಹೀಗಾಗುತ್ತಿರುವಾಗ ಟೀಪುವಿನ ವಕೀಲರು ಎಲ್ಲಿದ್ದರು? (ಆಗಿನ ಭಾಷೆಯಲ್ಲಿ ವಕೀಲನೆಂದರೆ ಕೋರ್ಟಿನವನಲ್ಲ, ಒಬ್ಬ ದೊರೆಯ ಪರವಾಗಿ ಇನ್ನೊಬ್ಬ ದೊರೆಯ ಬಳಿ ಮಾತಾಡಲು ಹೋಗುವ ರಾಯಭಾರಿ.) ಅವರು ೧೭೮೫ರ ನವೆಂಬರದಲ್ಲಿ ಶ್ರೀರಂಗಪಟ್ಟಣ ಬಿಟ್ಟು, ೧೭೮೬ರ ಮಾರ್ಚದಲ್ಲಿ ಕುಮಟೆಯ ಬಳಿಯ ತದಡಿ ಬಂದರದಲ್ಲಿ ಹಡಗು ಏರಿದ್ದರು. ಮುಖಂಡರು ಗುಲಾಮ್ ಅಲಿ ಖಾನ, ನೂರುಲ್ಲಾ ಖಾನ, ಲುತ್ಫ್ ಅಲಿ ಖಾನ ಮತ್ತು ಜಾಫರ್ ಖಾನ. ಹಡಗಿನಲ್ಲಿ ಮೆಣಸು, ಏಲಕ್ಕಿ, ಗಂಧದ ಕಟ್ಟಿಗೆ, ಬಟ್ಟೆ. ದಾರಿಯ ವೆಚ್ಚಕ್ಕೆ ಮಾರಿಕೊಳ್ಳಲೂ ಆಯಿತು, ಮೈಸೂರಿನ ಸರಕಿನ ರುಚಿ ಹತ್ತಿಸಲೂ ಆಯಿತು. ಖ್ವಾಜಾ ಅಬ್ದುಲ್ ಖಾದಿರ್ ಎಂಬ ಕಾರಕೂನ ದಿನದಿನದ ಸಂಗತಿಯನ್ನು ಪಾರಸಿಯಲ್ಲಿ ಬರೆದಿಟ್ಟನು. ಅದು ಈಗಲೂ ಉಳಿದಿದೆ. ೧೯೬೮ರಲ್ಲಿ ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಬಾದಾಮಿ ಬಿದ್ದ ದಿನ ಈ ಜನ ಅರಬ್ಬೀ ಕಡಲನ್ನು ದಾಟಿದ್ದರು, ಆದರೆ ಇನ್ನೂ ಬಸ್ರಾ ಮುಟ್ಟಿರಲಿಲ್ಲ.

ಹೊರಟದ್ದು ರೂಮ್ ದೇಶಕ್ಕೆ. ‘ರೂಮ್’ ಎಂದರೆ ಆಗಿನವರಿಗೆ ಕಾನ್‌ಸ್ಟಾಂಟಿನೋಪಲ್ಲಿನ ರಾಜ್ಯ, ಅಂದರೆ ಉಸ್ಮಾನೀ ತುರ್ಕರ ಸಾಮ್ರಾಜ್ಯ. ನಮ್ಮ ಹಿರಿಯರು ಹೇಳುತ್ತಿದ್ದ ‘ರೂಮಿ ಟೊಪ್ಪಿಗೆ’, ಆ ಕೆಂಪು ಬಣ್ಣದ, ಕರಿಯ ಗೊಂಡೆಯ ಟೊಪ್ಪಿಗೆ, ಆ ದೇಶದ ಹೆಸರನ್ನೇ ಹೊತ್ತದ್ದು. ವಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ಬಾದಾಮಿ ಹುನಗುಂದಗಳನ್ನು ಆಳಿದ ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫನು ತುರ್ಕಿ ಸುಲ್ತಾನನ ಮಗನೆಂದು ಫರಿಶ್ತಾ ಒಂದು ಕಥೆಯನ್ನೇ ಬರೆದಿದ್ದಾನೆ. ಕಥೆಯನ್ನು ಇತಿಹಾಸಕಾರರು ನಂಬುವುದಿಲ್ಲ. ಆದರೆ ಅಂಥ ಕಥೆ ಹುಟ್ಟಬೇಕಾದರೆ ರೂಮಿನ ಹೆಸರಿಗೆ ಇಲ್ಲಿ ಎಷ್ಟು ಬೆಲೆಯಿತ್ತು ನೋಡಿರಿ.

ಟೀಪುವಿಗೆ ಬೇಕಾದದ್ದೇನು? ಮೊದಲನೆಯದು ಗೌರವ. ಅವನು ಯಾವ ಹಳೆಯ ರಾಜವಂಶದ ಕುಡಿಯೂ ಅಲ್ಲ. ನೆರೆಯವರು ಅವನನ್ನು ದೊರೆಯೆಂದು ಮನಸಾರೆ ಒಪ್ಪಿರಲಿಲ್ಲ. ಖಲೀಫನೆನಿಸಿದ ಸುಲ್ತಾನನ ಮನ್ನಣೆ ದೊರೆತರೆ ಆ ಕೊರತೆ ನೀಗುತ್ತಿತ್ತು. ಎರಡನೆಯದು ಇಂಗ್ಲಿಷರ ವಿರುದ್ಧ ಒಂದು ಕೂಟ. ೧೭೮೪ರಲ್ಲಿ ಮಂಗಳೂರಿನಲ್ಲಿ ಕೌಲಾಗಿದ್ದರೂ ಅದು ಬಾಳುವ ಕೌಲಲ್ಲವೆಂದು ಅವನಿಗೆ ಗೊತ್ತಿತ್ತು. ಮೂರನೆಯದು ವ್ಯಾಪಾರ. ಬಸ್ರಾ ಬಂದರನ್ನು ಇಜಾರೆಗೆ ಕೊಡಿರಿ, ಬದಲಿಗೆ ನಮ್ಮ ಕರಾವಳಿಯಲ್ಲಿ ನಿಮಗೊಂದು ಬಂದರು ಕೊಡುತ್ತೇವೆ ಎಂಬ ಮಾತು. ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಗಾಜು ಮತ್ತು ಪಿಂಗಾಣಿಯ ಕೆಲಸದವರು, ಇಂಥ ಕುಶಲಕರ್ಮಿಗಳೂ ಬೇಕಾಗಿದ್ದರು. ಯೂಫ್ರಟಿಸ್ ಹೊಳೆಯಿಂದ ನಜಫ್ ಪಟ್ಟಣಕ್ಕೆ ಕಾಲುವೆ ತೆಗೆಸುವ ಬಿನ್ನಹವೂ ಒಂದಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಪಟ್ಟಿಯಲ್ಲಿ ಜಾಣತನದ ಬೇಡಿಕೆಯೆಂದರೆ ಗಡಿಯಾರದವನದು; ಅದಕ್ಕೆ ಯಾರ ವೈರವನ್ನೂ ಕಟ್ಟಿಕೊಳ್ಳಬೇಕಾಗಿರಲಿಲ್ಲ.

ದಾರಿ ಬಹಳ ಕೆಟ್ಟದಾಯಿತು. ಹಡಗು ಹಾಳಾದವು, ಜನ ಸತ್ತರು, ಕಾಣಿಕೆಯ ಆನೆಗಳು ಇಸ್ತಾಂಬುಲನ್ನು ಕಾಣಲಿಲ್ಲ. ಬಸ್ರಾ, ಬಾಗದಾದ, ಮೋಸುಲ್ ದಾಟಿ ವಕೀಲರು ರಾಜಧಾನಿಯನ್ನು ಮುಟ್ಟಿದ್ದು ೧೭೮೭ರ ಸೆಪ್ಟೆಂಬರದಲ್ಲಿ, ಅಂದರೆ ಊರು ಬಿಟ್ಟು ಎರಡು ವರುಷವಾಗುತ್ತ ಬಂದಾಗ. ಅಷ್ಟರಲ್ಲಿ ಗಜೇಂದ್ರಗಡದಲ್ಲಿ ಟೀಪು ಮರಾಠರೊಡನೆ ಕೌಲು ಮಾಡಿಕೊಂಡು, ಬಾದಾಮಿಯನ್ನು ಅವರಿಗೇ ಬಿಟ್ಟು, ಕಪ್ಪ ಕೊಡಲೂ ಒಪ್ಪಿಯಾಗಿತ್ತು. ಸುದ್ದಿ ನಡೆಯುವ ವೇಗ ಆಗ ಹಾಗೆ. ಇಸ್ತಾಂಬುಲಿನಲ್ಲಿ ವಕೀಲರು ಯಾವ ಮೈಸೂರಿನ ಹೆಸರಿನಲ್ಲಿ ಮಾತಾಡಿದರೋ ಆ ಮೈಸೂರಿನ ಎಲ್ಲೆ ಇಲ್ಲಿ ಆಗಲೇ ಬದಲಾಗಿತ್ತು.

ಇನ್ನು ಸುಲ್ತಾನನ ಮನೆಯ ಪರಿಸ್ಥಿತಿ ಕೇಳಿರಿ. ಆಗ ಸಿಂಹಾಸನದ ಮೇಲೆ ಒಂದನೆಯ ಅಬ್ದುಲ್ ಹಮೀದನಿದ್ದನು. ರಶಿಯದ ರಾಣಿ ಕ್ಯಾಥರಿನ್ ೧೭೮೩ರಲ್ಲಿ ಕ್ರಿಮಿಯವನ್ನು ನುಂಗಿದ್ದಳು. ಅದನ್ನು ತಿರುಗಿ ಪಡೆಯುವ ಹಟದಿಂದ ತುರ್ಕರು ೧೭೮೭ರ ಆಗಸ್ಟಿನಲ್ಲಿ, ವಕೀಲರು ಬರುವ ತುಸು ಮೊದಲು, ರಶಿಯದ ಮೇಲೆ ಯುದ್ಧ ಸಾರಿದ್ದರು. ಆಸ್ಟ್ರಿಯವೂ ರಶಿಯದ ಕಡೆಗೆ ಇಳಿಯುವುದರಲ್ಲಿತ್ತು. ಇಂಥ ಹೊತ್ತಿನಲ್ಲಿ ಸುಲ್ತಾನನಿಗೆ ಯುರೋಪಿನಲ್ಲಿ ಒಬ್ಬನಾದರೂ ಬಲವಾದ ಹಿತಚಿಂತಕ ಬೇಕಾಗಿದ್ದನು. ಇಂಗ್ಲಿಷರ ರಾಯಭಾರಿ ಸರ್ ರಾಬರ್ಟ್ ಐನ್ಸ್ಲಿ ಅಲ್ಲಿಯೇ ಕುಳಿತು ಕಿವಿ ತೆರೆದುಕೊಂಡಿದ್ದನು. ಇಂಥವರ ಮುಂದೆ, ಇಂಗ್ಲಿಷರ ವಿರುದ್ಧ ನಮ್ಮೊಡನೆ ಕೂಡಿರಿ ಎಂದು ಮೈಸೂರಿನವರು ಹೇಳಿದರೆ ಏನಾಗಬೇಕು?

ಆದದ್ದು ಇಷ್ಟು. ೧೭೮೭ರ ಅಕ್ಟೋಬರದಲ್ಲಿ ಸುಲ್ತಾನನ ದರ್ಶನವಾಯಿತು. ಮರ್ಯಾದೆಗೆ ಕೊರತೆಯಾಗಲಿಲ್ಲ. ಖಿಲ್ಲತ್ತು, ಖಡ್ಗ, ಢಾಲು ಮತ್ತು ಸ್ನೇಹದ ಓಲೆಗಳು ದೊರೆತವು. ಟೀಪುವಿನ ದೊರೆತನಕ್ಕೆ ಮನ್ನಣೆಯೂ ದೊರೆಯಿತು. ಸೈನ್ಯ ದೊರೆಯಲಿಲ್ಲ, ಬಸ್ರಾ ದೊರೆಯಲಿಲ್ಲ, ಕೂಟವಂತೂ ದೊರೆಯಲೇ ಇಲ್ಲ. ಗೌರವ ಕೊಡಲು ಖರ್ಚಿಲ್ಲ; ಕೂಟಕ್ಕೆ ಖರ್ಚಿದೆ. ವಕೀಲರು ಮಿಸರ ದೇಶ, ಮಕ್ಕಾ, ಮದೀನಗಳ ದಾರಿಯಿಂದ ೧೭೮೯ರ ಕೊನೆಗೆ ಮಲಬಾರದ ಕರೆಗೆ ಬಂದು ಇಳಿದರು. ಹೊರಟ ಒಂಬೈನೂರು ಜನರಲ್ಲಿ ಬಹುಭಾಗ ಪ್ಲೇಗಿಗೋ ಚಳಿಗೋ ಕಡಲಿಗೋ ತುತ್ತಾಗಿ ಹೋಗಿದ್ದರು. ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಗುಲಾಮ್ ಅಲಿ ಖಾನನು ಮಾತ್ರ ಮತ್ತೊಂದು ಕೆಲಸಕ್ಕಾಗಿ ಉಳಿದಿದ್ದನು: ೧೭೯೨ರಲ್ಲಿ ಟೀಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಲಾರ್ಡ್ ಕಾರ್ನವಾಲಿಸನ ಬಿಡಾರಕ್ಕೆ ಕರೆದುಕೊಂಡು ಹೋಗುವ ಕೆಲಸ.

ಇದೇ ರೀತಿ ಫ್ರಾನ್ಸಿಗೂ ಒಂದು ನಿಯೋಗ ಹೋಗಿತ್ತು. ೧೭೮೮ರ ಆಗಸ್ಟಿನಲ್ಲಿ ವರ್ಸೇಯಿನ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ಆದರಿಸಿದನು. ಅಲ್ಲಿಯೂ ಉಪಚಾರವೇ, ಸೈನ್ಯವಲ್ಲ. ಮರುವರುಷ ಆ ರಾಜನ ಕೆಳಗಿನ ನೆಲವೇ ಕುಸಿಯಿತು.

ಈಗ ಹನ್ನೊಂದು ವರುಷ ಮುಂದೆ ಬರಬೇಕು. ೧೭೯೮ರ ಜುಲೈದಲ್ಲಿ ನೆಪೋಲಿಯನ್ ಬೋನಾಪಾರ್ಟ ಮಿಸರ ದೇಶದಲ್ಲಿ ಇಳಿದನು. ಮಿಸರವು ತುರ್ಕಿ ಸುಲ್ತಾನನ ನಾಡು. ಫ್ರೆಂಚರಾದರೋ ತುರ್ಕರಿಗೆ ಯುರೋಪಿನಲ್ಲಿ ಎಲ್ಲರಿಗಿಂತ ಹಳೆಯ ಗೆಳೆಯರು. ಒಂದನೆಯ ಫ್ರಾನ್ಸಿಸ್ ಮತ್ತು ಸುಲೈಮಾನರ ಕಾಲದಿಂದ, ಅಂದರೆ ಹದಿನಾರನೆಯ ಶತಮಾನದಿಂದ ಬಂದ ಸ್ನೇಹ. ಆ ಗೆಳೆಯನೇ ಮನೆಗೆ ಕನ್ನ ಹಾಕಿದನು. ಸುಲ್ತಾನ ಮೂರನೆಯ ಸಲೀಮ ಏನು ಮಾಡಿದನೆಂಬುದು ಸ್ವಾರಸ್ಯವಾದದ್ದು. ಯಾವ ರಶಿಯದೊಡನೆ ಆರು ವರುಷದ ಹಿಂದಿನವರೆಗೆ ರಕ್ತ ಸುರಿಸಿದ್ದನೋ ಅದೇ ರಶಿಯದ ಯುದ್ಧನೌಕೆಗಳನ್ನು ಇಸ್ತಾಂಬುಲಿನ ಮುಂದಿನ ಜಲಸಂಧಿಯೊಳಗೆ ಕರೆದುಕೊಂಡನು. ಇಂಗ್ಲಿಷರೊಡನೆಯೂ ಒಪ್ಪಂದ ಮಾಡಿಕೊಂಡನು. ಫ್ರಾನ್ಸಿನ ಮೇಲೆ ಯುದ್ಧ ಸಾರಿದನು.

ಆ ಸೆಪ್ಟೆಂಬರದಲ್ಲಿ ಸಲೀಮನು ಟೀಪುವಿಗೆ ಒಂದು ಓಲೆ ಬರೆದನು. ಫ್ರೆಂಚರು ವಿಶ್ವಾಸಘಾತಕರು; ಮಿಸರವನ್ನು ಹಿಡಿದಿದ್ದಾರೆ, ಪವಿತ್ರ ಸ್ಥಳಗಳಿಗೂ ಭಯ ತಂದಿದ್ದಾರೆ; ನೀವು ಅವರ ಮಾತಿಗೆ ಮರುಳಾಗಿ ಇಂಗ್ಲಿಷರ ಮೇಲೆ ಏರಿ ಹೋಗಬೇಡಿರಿ; ಇಂಗ್ಲಿಷರ ಮೇಲೆ ನಿಮ್ಮ ತಕರಾರು ಏನಾದರೂ ಇದ್ದರೆ ನಾವು ನಡುವೆ ನಿಂತು ತೀರಿಸುತ್ತೇವೆ; ಇದು ಅದರ ತಾತ್ಪರ್ಯ. ಓಲೆ ಬಂದ ದಾರಿಯನ್ನೂ ಹೇಳಬೇಕು. ಇಸ್ತಾಂಬುಲಿನಲ್ಲಿದ್ದ ಇಂಗ್ಲಿಷ್ ಪ್ರತಿನಿಧಿಯ ಕೈಯಿಂದ ಹೊರಟು, ಇಂಗ್ಲಿಷ್ ಗವರ್ನರ ಜನರಲ್ ವೆಲ್ಲೆಸ್ಲಿಯ ಕೈಗೆ ಬಂದು, ಅವನು ೧೭೯೯ರ ಜನೆವರಿಯಲ್ಲಿ ತನ್ನ ಪತ್ರದೊಡನೆ ಅದನ್ನು ಟೀಪುವಿಗೆ ಕಳಿಸಿದನು. ರೂಮಿನ ಸುಲ್ತಾನನ ಓಲೆ ಶ್ರೀರಂಗಪಟ್ಟಣಕ್ಕೆ ಬಂದದ್ದು ವೈರಿಯ ಅಂಚೆಯಲ್ಲಿ!

ಟೀಪು ಫೆಬ್ರುವರಿಯಲ್ಲಿ ಉತ್ತರ ಬರೆದನು. ವಿನಯಕ್ಕೆ ಕಡಿಮೆಯಿಲ್ಲ, ಇಂಗ್ಲಿಷರ ಮೇಲಿನ ದೂರಿಗೂ ಕಡಿಮೆಯಿಲ್ಲ. ಅದಾಗಲೇ ಕಾಲ ಮೀರಿತ್ತು. ಫ್ರೆಂಚರಿಂದ ಅವನಿಗೆ ಒದಗಿದ ಸಹಾಯವೆಂದರೆ ೧೭೯೮ರ ಏಪ್ರಿಲದಲ್ಲಿ ಮಂಗಳೂರಿಗೆ ಬಂದಿಳಿದ, ನೂರನ್ನೂ ಮುಟ್ಟದ ಸ್ವಯಂಸೇವಕರು. ನೆಪೋಲಿಯನ್ನನು ಕೈರೋದಿಂದ ಬರೆದ ಪತ್ರ ದಾರಿಯಲ್ಲಿಯೇ ಇಂಗ್ಲಿಷರ ಕೈಸೇರಿತು. ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು, ಟೀಪು ಸತ್ತನು. ನಿಜಾಮನ ದಂಡು ಈ ಸಲವೂ ಇಂಗ್ಲಿಷರೊಡನೆಯೇ ಇತ್ತು. ೧೭೮೬ರಲ್ಲಿ ಬಾದಾಮಿಯನ್ನು ಗೆದ್ದ ಮರಾಠರ ಗತಿಯೂ ಬಹಳ ಬೇರೆಯಾಗಲಿಲ್ಲ: ೧೮೧೮ರ ಫೆಬ್ರುವರಿಯಲ್ಲಿ ಜನರಲ್ ಮನ್ರೋ ಬಾದಾಮಿಯನ್ನೂ, ಅದರ ಬೆನ್ನಿಗೇ ಬಾಗಲಕೋಟೆಯನ್ನೂ ತೆಗೆದುಕೊಂಡನು.

ಸಲೀಮನು ಟೀಪುವಿಗೆ ದ್ರೋಹ ಮಾಡಿದನೇ? ಹಾಗೆ ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಸಲೀಮನು ತನ್ನ ಮನೆಯ ಬಾಗಿಲನ್ನು ನೋಡಿಕೊಂಡನು. ತುರ್ಕಸ್ತಾನದ ಮನೆಬಾಗಿಲು ಯಾವುದು? ಕಪ್ಪು ಸಮುದ್ರದಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಬರಬೇಕಾದರೆ ಇರುವುದು ಒಂದೇ ನೀರಿನ ಹಾದಿ: ಬಾಸ್ಫರಸ್ ಮತ್ತು ಡಾರ್ಡನೆಲ್ಸ್ ಎಂಬ ಎರಡು ಇಕ್ಕಟ್ಟಾದ ಜಲಸಂಧಿಗಳು. ಬಾಸ್ಫರಸ್ಸಿನ ಅತಿ ಕಿರಿದಾದ ಜಾಗದಲ್ಲಿ ಅಗಲ ಏಳುನೂರು ಮೀಟರಿನಷ್ಟು. ಮಳೆಗಾಲದಲ್ಲಿ ತುಂಬಿದ ಕೃಷ್ಣೆಯನ್ನು ಕಂಡವರಿಗೆ ಇದು ದೊಡ್ಡದೆನಿಸಲಿಕ್ಕಿಲ್ಲ. ರಶಿಯದ ದಕ್ಷಿಣದ ಬಂದರುಗಳಿಗೆಲ್ಲ ಇದೊಂದೇ ಗಂಟಲು. ಈ ಗಂಟಲ ಮೇಲೆ ಕೈಯಿಟ್ಟುಕೊಂಡು ಕುಳಿತವರು ತುರ್ಕರು. ಆದ್ದರಿಂದ ಅವರಿಗೆ ರಶಿಯದ ಭಯ ತಪ್ಪಿದ್ದಲ್ಲ. ಯುರೋಪಿನವರಿಗೆ ಅವರ ಅಗತ್ಯವೂ ತಪ್ಪಿದ್ದಲ್ಲ. ಗೆಳೆಯರ ಹೆಸರು ಬದಲಾಗುತ್ತ ಹೋದರೂ ಈ ಲೆಕ್ಕ ಬದಲಾಗಲಿಲ್ಲ.

೧೮೫೩ರಿಂದ ನಡೆದ ಕ್ರಿಮಿಯ ಯುದ್ಧದಲ್ಲಿ ಇಂಗ್ಲಿಷರೂ ಫ್ರೆಂಚರೂ ತುರ್ಕರ ಪಕ್ಕದಲ್ಲಿ ನಿಂತು ರಶಿಯದೊಡನೆ ಕಾದಿದರು. ೧೯೧೪ರಲ್ಲಿ ಅದೇ ಇಂಗ್ಲಿಷರೂ ಫ್ರೆಂಚರೂ ರಶಿಯದ ಜೊತೆಗೂಡಿದಾಗ ತುರ್ಕರು ಜರ್ಮನಿಯ ಕಡೆಗೆ ಹೋದರು. ಆ ಯುದ್ಧದ ಕೊನೆಯಲ್ಲಿ, ೧೯೧೮ರ ಸೆಪ್ಟೆಂಬರ ೨೩ರಂದು, ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯೂ ಒಂದು. ಸುಲ್ತಾನನ ಸ್ನೇಹ ಬೇಡಿ ಹಡಗು ಕಳಿಸಿದ ಮೈಸೂರಿನಿಂದಲೇ ಅವನ ದಂಡಿನ ಮೇಲೆ ಕುದುರೆಗಳು ಹೋದವು.

ಆ ಸೋಲಿನ ಬೆನ್ನಿಗೆ ನಮ್ಮ ದೇಶದಲ್ಲಿ ಖಿಲಾಫತ್ ಚಳವಳಿ ಎದ್ದಿತು. ಖಲೀಫನ ಪೀಠವನ್ನು ಉಳಿಸಿರೆಂದು ಹಿಂದೂ ಮುಸಲ್ಮಾನರು ಕೂಡಿಯೇ ಸಭೆ ನೆರೆದರು, ಜೈಲು ಕಂಡರು. ಆದರೆ ೧೯೨೪ರ ಮಾರ್ಚ ೩ರಂದು ಆ ಪೀಠವನ್ನು ತೆಗೆದುಹಾಕಿದವರು ಇಂಗ್ಲಿಷರಲ್ಲ. ಅಂಕಾರಾದ ತುರ್ಕಿ ಶಾಸನಸಭೆಯೇ. ಮುಸ್ತಫಾ ಕೆಮಾಲನಿಗೆ ಹೊಸ ರಾಷ್ಟ್ರ ಬೇಕಾಗಿತ್ತು, ಹಳೆಯ ಪೀಠ ಬೇಕಾಗಿರಲಿಲ್ಲ. ಆ ವರುಷ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ಕೂಡಿದಾಗ ಚಳವಳಿಯ ಮೂಲ ಬೇಡಿಕೆಯೇ ಇಲ್ಲವಾಗಿತ್ತು. ದೂರದ ರಾಜ್ಯವೊಂದರಿಂದ ನಮ್ಮ ಜನ ಬಯಸಿದ್ದು ಒಂದು, ಆ ರಾಜ್ಯ ತನ್ನ ಮಟ್ಟಿಗೆ ನಿರ್ಧರಿಸಿದ್ದು ಮತ್ತೊಂದು; ೧೭೮೭ರ ನಂತರ ಇದು ಎರಡನೆಯ ಸಲ.

ಈಗಿನ ಕಾಲಕ್ಕೆ ಬರೋಣ. ಎರಡನೆಯ ಮಹಾಯುದ್ಧ ಮುಗಿಯುತ್ತಲೇ ಸೋವಿಯತ್ ರಶಿಯ ಜಲಸಂಧಿಗಳ ಕಾವಲಿನಲ್ಲಿ ಪಾಲು ಕೇಳಿತು. ತುರ್ಕಸ್ತಾನ ೧೯೫೨ರಲ್ಲಿ ನೇಟೋ ಕೂಟವನ್ನು ಸೇರಿತು. ಯುರೋಪಿನ ಆರ್ಥಿಕ ಸಮುದಾಯದೊಡನೆ ಅಂಕಾರಾ ಒಪ್ಪಂದವಾದದ್ದು ೧೯೬೩ರ ಸೆಪ್ಟೆಂಬರದಲ್ಲಿ. ಪೂರ್ಣ ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದು ೧೯೮೭ರಲ್ಲಿ; ಗುಲಾಮ್ ಅಲಿ ಖಾನ ಸುಲ್ತಾನನ ದರ್ಬಾರಿನಲ್ಲಿ ಅರ್ಜಿ ಹಿಡಿದು ನಿಂತು ಸರಿಯಾಗಿ ಇನ್ನೂರು ವರುಷ. ಈ ಸಲ ಬಾಗಿಲಲ್ಲಿ ಕಾಯುವ ಸರದಿ ತುರ್ಕರದು. ೧೯೯೯ರಲ್ಲಿ ಉಮೇದುವಾರ ರಾಷ್ಟ್ರವೆಂದು ಒಪ್ಪಿದರು. ೨೦೦೫ರ ಅಕ್ಟೋಬರದಲ್ಲಿ ಮಾತುಕತೆ ಶುರುವಾಯಿತು. ಮೂವತ್ತೈದು ಅಧ್ಯಾಯಗಳಲ್ಲಿ ಹದಿನಾರು ತೆರೆದವು. ತಾತ್ಕಾಲಿಕವಾಗಿ ಮುಗಿದದ್ದು ಒಂದೇ ಒಂದು, ವಿಜ್ಞಾನ ಮತ್ತು ಸಂಶೋಧನೆಯದು. ಸೈಪ್ರಸ್ಸಿನ ಜಗಳ ಅಡ್ಡ ಬಂದಿತು. ೨೦೧೬ರ ಜುಲೈದ ವಿಫಲವಾದ ಸೈನಿಕ ಕ್ರಾಂತಿಯ ನಂತರ ಅಲ್ಲಿ ನಡೆದ ಬಂಧನಗಳೂ ಅಡ್ಡ ಬಂದವು. ಮಾತುಕತೆ ನಿಂತೇ ಹೋಗಿದೆಯೆಂದು ೨೦೧೮ರಲ್ಲಿ ಯುರೋಪಿನವರೇ ಬರೆದರು.

ಹಾಗೆಂದು ಸಂಬಂಧ ಕಡಿಯಿತೆಂದು ತಿಳಿಯಬಾರದು. ೧೯೯೬ರಿಂದ ಎರಡೂ ಕಡೆಯ ನಡುವೆ ಸುಂಕದ ಕೂಟವಿದೆ. ತುರ್ಕಸ್ತಾನದ ರಫ್ತಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಯುರೋಪಿನ ಒಕ್ಕೂಟಕ್ಕೇ ಹೋಗುತ್ತದೆ. ಇದರಲ್ಲಿ ಒಂದು ತೊಡಕಿದೆ, ಇಳಕಲ್ಲಿನ ವ್ಯಾಪಾರಸ್ಥರಿಗೆ ಬೇಗ ತಿಳಿಯುವಂಥದು. ಯುರೋಪಿನವರು ಮೂರನೆಯ ದೇಶದೊಡನೆ ಸುಂಕ ಇಳಿಸುವ ಒಪ್ಪಂದ ಮಾಡಿಕೊಂಡರೆ ಆ ದೇಶದ ಸರಕು ಯುರೋಪಿನ ಹಾದಿಯಿಂದ ತುರ್ಕರ ಪೇಟೆಗೆ ಬರಬಹುದು. ತುರ್ಕರ ಸರಕಿಗೆ ಆ ದೇಶದಲ್ಲಿ ಅದೇ ರಿಯಾಯಿತಿ ತಾನಾಗಿ ದೊರೆಯುವುದಿಲ್ಲ. ಒಪ್ಪಂದ ಬರೆಯುವ ಮೇಜಿನ ಬಳಿ ತುರ್ಕರಿಗೆ ಕುರ್ಚಿಯಿಲ್ಲ, ಬರೆದದ್ದರ ಭಾರ ಮಾತ್ರ ಉಂಟು. ಅವರ ಮುನಿಸಿನಲ್ಲಿ ಅರ್ಧ ಪಾಲು ಇದರದು ಎಂದೇ ನನ್ನ ಎಣಿಕೆ.

ಅವರ ಕೈಯಲ್ಲಿಯೂ ದಾಳಗಳಿವೆ. ಸಿರಿಯದ ಯುದ್ಧದಿಂದ ಓಡಿಬಂದ ಮೂವತ್ತೈದು ಲಕ್ಷಕ್ಕೂ ಹೆಚ್ಚು ನಿರಾಶ್ರಿತರನ್ನು ಒಂದು ಕಾಲಕ್ಕೆ ಅವರೇ ಇಟ್ಟುಕೊಂಡಿದ್ದರು. ಆ ಜನ ಗ್ರೀಸಿನ ಕಡೆಗೆ ಹರಿಯದಂತೆ ತಡೆಯಲು ೨೦೧೬ರ ಮ್ಯಾರ್ಚದಲ್ಲಿ ಯುರೋಪು ಆರುನೂರು ಕೋಟಿ ಯೂರೋ ಕೊಡುವ ಮಾತು ಕೊಟ್ಟಿತು. ೧೯೩೬ರ ಮಾಂಟ್ರೋ ಒಪ್ಪಂದದಂತೆ ಯುದ್ಧಕಾಲದಲ್ಲಿ ಜಲಸಂಧಿಗಳ ಬೀಗದ ಕೈ ಅವರಲ್ಲಿದೆ. ರಶಿಯ ಉಕ್ರೇನಿನ ಮೇಲೆ ಬಿದ್ದಾಗ, ೨೦೨೨ರ ಫೆಬ್ರುವರಿಯ ಕೊನೆಗೆ, ಕಾದುವ ದೇಶಗಳ ಯುದ್ಧನೌಕೆಗಳಿಗೆ ಆ ಬಾಗಿಲನ್ನು ಮುಚ್ಚಿದರು. ಉಕ್ರೇನಿಗೆ ಚಾಲಕರಿಲ್ಲದ ವಿಮಾನಗಳನ್ನು ಮಾರಿದರು. ಆದರೆ ರಶಿಯದ ಮೇಲಿನ ಯುರೋಪಿನ ಬಹಿಷ್ಕಾರದಲ್ಲಿ ಸೇರಲಿಲ್ಲ; ಅಕ್ಕುಯು ಎಂಬಲ್ಲಿ ಅವರ ಅಣುವಿದ್ಯುತ್ ಕೇಂದ್ರವನ್ನು ಕಟ್ಟುವ ಗುತ್ತಿಗೆ ರಶಿಯದ ಸಂಸ್ಥೆಯದೇ. ೨೦೧೯ರಲ್ಲಿ ರಶಿಯದ ಎಸ್-೪೦೦ ಕ್ಷಿಪಣಿ ತರಿಸಿದ್ದಕ್ಕೆ ಅಮೇರಿಕವು ತನ್ನ ಎಫ್-೩೫ ವಿಮಾನದ ಯೋಜನೆಯಿಂದ ಅವರನ್ನು ಹೊರಗೆ ಹಾಕಿತು.

ನಮ್ಮ ದೇಶದೊಡನೆ? ಅಲ್ಲಿಯೂ ಹಳೆಯ ಎಳೆಯಿದೆ. ೧೯೫೫ರ ಬಾಗದಾದ ಕರಾರಿನಲ್ಲಿ ತುರ್ಕಸ್ತಾನವೂ ಪಾಕಿಸ್ತಾನವೂ ಒಂದೇ ಕೂಟದವರಾದರು. ಆ ಕೂಟ ೧೯೭೯ರಲ್ಲಿ ಒಡೆಯಿತು, ಒಲವು ಉಳಿಯಿತು. ೨೦೨೫ರ ಮೇ ತಿಂಗಳ ಕದನದಲ್ಲಿ ಅವರು ಪಾಕಿಸ್ತಾನದ ಪರವಾಗಿ ಬಹಿರಂಗವಾಗಿ ನಿಂತದ್ದು ನಿಮಗೆಲ್ಲ ನೆನಪಿರಬೇಕು. ಆಗ ತುರ್ಕಿಯ ಸೇಬು ಬೇಡ, ತುರ್ಕಿಯ ಅಮೃತಶಿಲೆ ಬೇಡ ಎಂಬ ಕೂಗು ನಮ್ಮ ಪೇಟೆಗಳಲ್ಲಿ ಎದ್ದಿತು. ಕೆಂಪು ಕಲ್ಲಿನ ಗಣಿಗಳ ಊರಾದ ಇಳಕಲ್ಲಿನವರಿಗೆ ಕಲ್ಲೂ ರಾಜಕಾರಣಕ್ಕೆ ಸಿಕ್ಕಿಕೊಂಡದ್ದು ಸೋಜಿಗವೆನಿಸಿರಬಹುದು. ಆ ಸಿಟ್ಟು ಸಹಜವೇ. ಆದರೆ ಅಂಕಾರಾದವರು ನಮ್ಮನ್ನು ದ್ವೇಷಿಸುತ್ತಾರೆ ಎಂದಷ್ಟಕ್ಕೆ ವಿಚಾರವನ್ನು ನಿಲ್ಲಿಸಿದರೆ, ಇಸ್ತಾಂಬುಲಿನವರು ನಮ್ಮನ್ನು ಪ್ರೀತಿಸುತ್ತಾರೆ ಎಂದು ಟೀಪು ನೆಚ್ಚಿದ್ದಕ್ಕೂ ನಮ್ಮದಕ್ಕೂ ಬಹಳ ಅಂತರ ಉಳಿಯುವುದಿಲ್ಲ. ಶಸ್ತ್ರ ಕೊಳ್ಳುವ ಗಿರಾಕಿ, ಇಸ್ಲಾಮೀ ರಾಷ್ಟ್ರಗಳಲ್ಲಿ ಮುಂದಾಳುತನ, ಮನೆಯ ಮತದಾರರು, ಇಂಥ ಲೆಕ್ಕಗಳನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಅವರು ಲೆಕ್ಕ ಹಾಕುವ ರೀತಿಗೆ ಇತ್ತೀಚಿನ ಒಂದು ಉದಾಹರಣೆ ಹೇಳುತ್ತೇನೆ. ಸ್ವೀಡನ್ ದೇಶ ೨೦೨೨ರ ಮೇ ತಿಂಗಳಲ್ಲಿ ನೇಟೋ ಸೇರಲು ಅರ್ಜಿ ಹಾಕಿತು. ಎಲ್ಲ ಸದಸ್ಯರೂ ಒಪ್ಪಬೇಕೆಂಬುದು ಆ ಕೂಟದ ನಿಯಮ. ಕುರ್ದ ಬಂಡಾಯಗಾರರಿಗೆ ಸ್ವೀಡನ್ ಆಸರೆ ಕೊಡುತ್ತದೆಯೆಂದು ತುರ್ಕಸ್ತಾನ ತಡೆಹಿಡಿಯಿತು. ತಿಂಗಳುಗಟ್ಟಲೆ ಮಾತಾಯಿತು. ೨೦೨೪ರ ಜನೆವರಿಯಲ್ಲಿ ಅಂಕಾರಾದ ಶಾಸನಸಭೆ ಒಪ್ಪಿಗೆ ಕೊಟ್ಟಿತು. ಅದಾದ ಕೆಲವೇ ದಿನಗಳಲ್ಲಿ ಅಮೇರಿಕದ ಸರಕಾರ ತುರ್ಕಸ್ತಾನಕ್ಕೆ ಎಫ್-೧೬ ವಿಮಾನಗಳನ್ನು ಮಾರಲು ಒಪ್ಪಿತು. ಮರುವರುಷ, ೨೦೨೫ರ ಅಕ್ಟೋಬರದಲ್ಲಿ, ಇಪ್ಪತ್ತು ಟೈಫೂನ್ ಯುದ್ಧವಿಮಾನಗಳ ಕರಾರಿಗೆ ಅಂಕಾರಾದಲ್ಲಿ ಸಹಿ ಬಿದ್ದಿತು. ಮಾರಿದವರು ಇಂಗ್ಲಿಷರು.